ಊರ ಹೆಸರಿನ ಊಟ



2025ರ ಡಿಸೆಂಬರ್ ತಿಂಗಳಲ್ಲಿ ದೆಹಲಿಯ ಕೆಂಪು ಕೋಟೆಯಲ್ಲಿ ಯುನೆಸ್ಕೋ ಸಂಸ್ಥೆಯ ಸಮಿತಿಯೊಂದು ಸಭೆ ಸೇರಿತ್ತು. ನಮ್ಮ ದೀಪಾವಳಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಸಭೆ ಅದು. ಅಲ್ಲಿಯೇ ಇಟಲಿ ದೇಶದ ಅಡುಗೆಯೂ ಆ ಪಟ್ಟಿಗೆ ಸೇರಿತು. ಹಬ್ಬಕ್ಕೆ ಈ ಗೌರವ ಸಲ್ಲತಕ್ಕದ್ದೆ, ಅಡುಗೆಗೇಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ಇಟಲಿಯ ಒಲೆಯ ಬಳಿಗಿಂತ ಅಲ್ಲಿನ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಹುಡುಕುವುದು ಮೇಲು.

ಇಟಲಿಯು ಒಂದೇ ರಾಜ್ಯವಾದದ್ದು 1861ರಲ್ಲಿ. ಅದಕ್ಕೆ ಮೊದಲು ಹಲವು ಅರಸರ, ಹಲವು ನಗರಗಳ ನಾಡಾಗಿತ್ತು. ಉತ್ತರಕ್ಕೆ ಹಿಮದ ಆಲ್ಪ್ಸ್ ಪರ್ವತ, ದಕ್ಷಿಣಕ್ಕೆ ಬಿಸಿಲು ಕಾಯುವ ಸಿಸಿಲಿ ದ್ವೀಪ. ಪೋ ನದಿಯ ಬಯಲಿನವರಿಗೆ ಅಕ್ಕಿ, ಬೆಣ್ಣೆ, ಮುಸುಕಿನ ಜೋಳದ ಅಂಬಲಿ ಪ್ರಿಯ. ದಕ್ಷಿಣದವರಿಗೆ ಗಟ್ಟಿ ಗೋಧಿಯ ಪಾಸ್ತಾ, ಆಲಿವ್ ಎಣ್ಣೆ. ಈಗ ಆಡಳಿತಕ್ಕೆಂದು 20 ಪ್ರಾಂತಗಳಿವೆ. ರುಚಿಗಳನ್ನೆಣಿಸಿದರೆ ಅದರ ಎಷ್ಟೋ ಪಟ್ಟು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಇಟಲಿಯ ಅಡುಗೆ ನಿತ್ಯ ಬಹುವಚನ.

ದ್ರಾಕ್ಷಿಯ ವಿಷಯವೂ ಹಾಗೆಯೇ. ನಾನು ದ್ರಾಕ್ಷಿಯನ್ನು ಹಣ್ಣಾಗಿ ಮಾತ್ರ ಬಲ್ಲವನು. ಅದರ ಮದ್ಯದ ರುಚಿಯನ್ನು ವರ್ಣಿಸುವ ಅಧಿಕಾರ ನನಗಿಲ್ಲ. ಆದರೆ ಹೆಸರುಗಳ ರುಚಿ ನನ್ನಂತಹ ಭಾಷೆಯ ಮೇಷ್ಟರಿಗೆ ದಕ್ಕುತ್ತದೆ. ಮದ್ಯಕ್ಕೆ ಒದಗುವ 500ಕ್ಕೂ ಹೆಚ್ಚು ತಳಿಗಳು ಅಲ್ಲಿನ ಸರಕಾರದ ದಾಖಲೆಯಲ್ಲಿವೆ. ನೆಬ್ಬಿಯೋಲೊ ಎಂಬ ಹೆಸರು ಮಂಜು ಎಂಬರ್ಥದ ಮಾತಿನಿಂದ ಬಂದಿತೆಂದು ಹೇಳುವರು. ಶರತ್ಕಾಲದ ಮಂಜಿನಲ್ಲಿ ಅದರ ಕೊಯ್ಲು. ಪಾಂತೆಲ್ಲೇರಿಯಾ ದ್ವೀಪದ ಜಿಬಿಬ್ಬೊ ಎಂಬ ಹೆಸರಿಗೆ ಅರಬ್ಬಿ ಭಾಷೆಯ ಒಣದ್ರಾಕ್ಷಿಯೇ ಮೂಲ. ಒಂದು ತಳಿ ಅಳಿದರೆ ನಿಘಂಟಿನಲ್ಲಿ ಹೆಸರು ಉಳಿದೀತು, ಅದರ ಅರ್ಥ ಉಳಿಯಲಾರದು.

ಅಳಿಯುವ ಭಯ ಸುಳ್ಳಲ್ಲ. 1879ರಲ್ಲಿ ಬಳ್ಳಿಯ ಬೇರನ್ನು ಹೀರುವ ಫಿಲಾಕ್ಸೆರಾ ಎಂಬ ಕೀಟ ಇಟಲಿಯಲ್ಲಿ ಕಾಣಿಸಿತು. ಕೀಟವನ್ನು ತಡೆಯಬಲ್ಲ ಅಮೆರಿಕದ ಬೇರುಗಿಡಕ್ಕೆ ಊರಿನ ಬಳ್ಳಿಯನ್ನು ಕಸಿಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರು. ಆದರೆ ಹೊಸದಾಗಿ ನೆಡುವಾಗ ರೈತನು ಹೆಚ್ಚು ಫಲ ಕೊಡುವುದನ್ನೇ ಆರಿಸುವುದು ಸಹಜವಲ್ಲವೆ? ಪೀಡ್‌ಮಾಂಟ್ ಪ್ರಾಂತದ ತೊರ್ತೋನಾ ಗುಡ್ಡಗಳಲ್ಲಿ ತಿಮೊರಾಸ್ಸೊ ಎಂಬ ಬಿಳಿ ದ್ರಾಕ್ಷಿ ಹೀಗೆ ಮೂಲೆಗೆ ಬಿದ್ದಿತು. ಅದನ್ನು ಬೆಳೆಸುವುದು ಕಷ್ಟ, ಫಸಲು ಕಡಿಮೆ. 1980ರ ದಶಕದಲ್ಲಿ ವಾಲ್ಟರ್ ಮಾಸ್ಸಾ ಎಂಬ ಬೆಳೆಗಾರರು ಹಟ ಹಿಡಿದು ಅದನ್ನು ಬೆಳೆಸಿದರು. ನೆರೆಯವರು ಅನುಸರಿಸಿದರು. ಇಂದು ಅದು ಆ ಗುಡ್ಡಗಳ ಹೆಮ್ಮೆ.

ಇನ್ನೂ ಸೊಗಸಾದ ಕಥೆ ಒಂದು ಹಸುವಿನದು. ಪಾರ್ಮಾ, ರೆಜ್ಜೊ ನಗರಗಳ ಸುತ್ತ ಪಾರ್ಮಿಜಾನೊ ರೆಜ್ಜಾನೊ ಎಂಬ ಗಟ್ಟಿ ಚೀಸ್ ತಯಾರಾಗುತ್ತದೆ. ಬಂಡಿಯ ಪುಟ್ಟ ಗಾಲಿಯಂತಹ, ಸುಮಾರು 40 ಕಿಲೋ ತೂಕದ ಒಂದು ಗಟ್ಟಿಗೆ 500 ಲೀಟರಿಗೂ ಮಿಗಿಲಾಗಿ ಹಾಲು ಬೇಕು. ಕನಿಷ್ಠ 12 ತಿಂಗಳು ಅದು ಮಾಗಬೇಕು. ಹಿಂದೆ ಈ ಹಾಲು ಕೆಂಪು ಮೈಬಣ್ಣದ ರೆಜ್ಜಾನಾ ಹಸುವಿನದು. ಹಾಲೆಂಡ್ ಮೂಲದ, ನಮ್ಮ ಡೈರಿಗಳಿಗೂ ಪರಿಚಿತವಾದ, ಕಪ್ಪು ಬಿಳಿ ಹಸು ಬಂದಿತು, ಬಿಂದಿಗೆ ತುಂಬಿತು. ಕೆಂಪು ಹಸು ಹಿಂದೆ ಸರಿಯಿತು. 1980ರ ದಶಕದ ಹೊತ್ತಿಗೆ ಒಂದು ಸಾವಿರಕ್ಕೂ ಕಡಿಮೆ ಉಳಿದಿದ್ದವು.

ಅದನ್ನು ಉಳಿಸಿದ್ದು ಚೀಸೇ. ಹಾಲು ಕಡಿಮೆಯಾದರೂ ಅದು ಚೀಸಿಗೆ ಚೆನ್ನಾಗಿ ಒಗ್ಗುತ್ತದೆಂದು ಕೆಲವು ರೈತರು ಬಲ್ಲವರಾಗಿದ್ದರು. ಕೆಂಪು ಹಸುವಿನ ಹಾಲಿನಿಂದಲೇ ಮಾಡಿ, 24 ತಿಂಗಳಾದರೂ ಮಾಗಿಸಿ, ಹಸುವಿನ ಹೆಸರನ್ನು ಹೇಳಿಯೇ ಹೆಚ್ಚಿನ ಬೆಲೆಗೆ ಮಾರಿದರು. ಕೊಳ್ಳುವವರು ಸಿಕ್ಕರು. ಮಂದೆ ಮತ್ತೆ ಸಾವಿರಗಳ ಲೆಕ್ಕಕ್ಕೆ ಏರಿತು. ತಿನ್ನುವವರಿದ್ದುದರಿಂದ ತಳಿ ಉಳಿಯಿತು ಎಂಬುದು ವಿಚಿತ್ರವಾದರೂ ನಿಜ.

ಹೆಸರನ್ನು ಕಾಯಲು ಕಟ್ಟಳೆಯೂ ಬೇಕು. 1716ರಲ್ಲಿಯೇ ಟಸ್ಕನಿಯ ಮೂರನೆಯ ಕೋಸಿಮೊ ದೊರೆ, ಕಿಯಾಂತಿ ಮೊದಲಾದ ನಾಲ್ಕು ಸೀಮೆಗಳಿಗೆ ಎಲ್ಲೆ ಗೊತ್ತುಮಾಡಿ ಆಜ್ಞೆ ಹೊರಡಿಸಿದನು. 1963ರಲ್ಲಿ ಇಟಲಿಯ ಸರಕಾರ ದ್ರಾಕ್ಷಾಮದ್ಯಗಳ ಊರ ಹೆಸರಿಗೆ ಕಾಯಿದೆ ಮಾಡಿತು. ಆದರೆ ಹೆಸರು ಹಣ ತರತೊಡಗಿದಾಗ ಬೇರೊಂದು ಅಪಾಯ ಹುಟ್ಟುತ್ತದೆ. ಪ್ರೊಸೆಕ್ಕೊ ಎಂಬುದು ದ್ರಾಕ್ಷಿಯ ಹೆಸರೂ ಆಗಿತ್ತು, ಟ್ರಿಯೆಸ್ಟ್ ನಗರದ ಬಳಿಯ ಹಳ್ಳಿಯ ಹೆಸರೂ ಆಗಿತ್ತು. 2009ರಲ್ಲಿ ಆ ಹೆಸರನ್ನು ನೆಲಕ್ಕೆ ಮೀಸಲಿಟ್ಟು ದ್ರಾಕ್ಷಿಯನ್ನು ಗ್ಲೇರಾ ಎಂದು ಕರೆದರು. ಒಂಬತ್ತು ಜಿಲ್ಲೆಗಳು ಅದರ ಎಲ್ಲೆಯೊಳಗೆ ಬಂದವು. ಬೇಡಿಕೆ ಬೆಳೆದಂತೆ ಒಂದೇ ಬಳ್ಳಿ ಬಯಲು ಗುಡ್ಡಗಳನ್ನು ಹಬ್ಬಿತು. ವೈವಿಧ್ಯವನ್ನು ಕಾಯಬೇಕಾದ ಹೆಸರೇ ಏಕರೂಪಕ್ಕೆ ಕಾರಣವಾಗಬಹುದೆಂದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿಯೂ 1999ರಲ್ಲಿ ಇಂತಹ ಕಾಯಿದೆ ಬಂದಿದೆ. ನಂಜನಗೂಡಿನ ರಸಬಾಳೆಗೆ, ಮೈಸೂರಿನ ವೀಳ್ಯದೆಲೆಗೆ, ಉಡುಪಿಯ ಮಟ್ಟುಗುಳ್ಳಕ್ಕೆ ಅದರ ರಕ್ಷೆ ದೊರೆತಿದೆ. ಆದರೂ ರಸಬಾಳೆಯ ತೋಟಗಳು ರೋಗಕ್ಕೆ ಸಿಲುಕಿ ಕುಗ್ಗಿದವು. ಮುದ್ರೆಯೊತ್ತಿದ ಮಾತ್ರಕ್ಕೆ ಬಾಳೆ ಗೊನೆಬಿಡುವುದಿಲ್ಲ. ಬೆಳೆಯುವ ಕೈ ಬೇಕು; ಎರಡು ಕಾಸು ಹೆಚ್ಚು ಕೊಟ್ಟು, ಹೆಸರು ಹಿಡಿದು ಕೇಳಿ ಕೊಳ್ಳುವ ಕೈಯೂ ಬೇಕು. ಮೊದಲನೆಯದು ರೈತನದು. ಎರಡನೆಯದು, ನಾಳೆ ಬೆಳಿಗ್ಗೆ ಚೀಲ ಹಿಡಿದು ಮಾರುಕಟ್ಟೆಗೆ ಹೊರಡುವ ನಿಮ್ಮದು, ನನ್ನದು.