ಎದುರಿಗೆ ಕೂತು ಕೇಳಿದ ಹಾಡು

(ತುಮಕೂರಿನ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಕೂಲಿ, ಬೋನಸ್ಸು, ತೆರಿಗೆಗಳ ಮಾತು ಈ ವೇದಿಕೆಯಿಂದ ಬೇಕಾದಷ್ಟು ಆಗಿದೆ. ಇಂದು ಹಾಡಿನ ಮಾತು ಆಡೋಣ. ಇದೂ ಹೊಟ್ಟೆಪಾಡಿನ ಮಾತೇ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ ಕಾಲಕ್ಕೆ ನಾಡನ್ನೆಲ್ಲ ಸುತ್ತಿತು. ಬಿ. ಜಯಮ್ಮನವರು, ಹೊನ್ನಪ್ಪ ಭಾಗವತರು ಆ ರಂಗದ ಮೇಲೆ ಹಾಡಿದವರು. ಧ್ವನಿವರ್ಧಕ ಬರುವ ಮುಂಚೆ, ನೆಲದ ಮೇಲೆ ಕೂತ ಕೊನೆಯ ಸಾಲಿಗೂ ಮುಟ್ಟುವಂತೆ, ಕಂಠವೊಂದನ್ನೇ ನಂಬಿ ಹಾಡಬೇಕಿತ್ತು. ಜನ 'ವನ್ಸ್‌ಮೋರ್' ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಿತ್ತೆಂದು ಹಿರಿಯರು ನಗುತ್ತ ಹೇಳುತ್ತಿದ್ದರು. ನಗುವ ಮಾತೇನೋ ಹೌದು. ಆದರೆ ನೆಲದ ಟಿಕೆಟ್ಟಿನವನ ಮಾತಿಗೆ ರಾಜನ ಪಾತ್ರಧಾರಿ ತಲೆಬಾಗಿದ ಜಾಗ ಅದೊಂದೇ!

ಕುಣಿಗಲ್ ಕೆರೆಯ ಜನಪದ ಹಾಡಿಗೆ ಕವಿಯ ಹೆಸರಿಲ್ಲ. ಬಾಯಿಂದ ಬಾಯಿಗೆ ಬಂದದ್ದು ಅದು. ಒಬ್ಬರು ಎದುರಿಗೆ ಹಾಡಿದರು, ಇನ್ನೊಬ್ಬರು ಎದುರಿಗೆ ಕೂತು ಕೇಳಿದರು. ಹೀಗೆಯೇ ಹಾಡು ಉಳಿಯಿತು.

ರೆಕಾರ್ಡನ್ನು, ಮೊಬೈಲನ್ನು ನಾವು ಹಳಿಯುವುದಿಲ್ಲ. ಆದರೆ ರೆಕಾರ್ಡಿಗೆ ನಾವು ಅತ್ತದ್ದು ಕಾಣದು. ಎದುರಿಗಿರುವ ಗಾಯಕನಿಗೆ ಕಾಣುತ್ತದೆ. ಕಂಡು ಆ ಸಾಲನ್ನೇ ಇನ್ನೊಮ್ಮೆ ಎತ್ತಿಕೊಳ್ಳುತ್ತಾನೆ. ಅವನ ಉಸಿರು ಸೋತರೆ ನಮ್ಮ ಎದೆ ಬಿಗಿಯುತ್ತದೆ. ಪಕ್ಕದಲ್ಲಿ ಕೂತವನು ಯಾವ ಜಾತಿ, ಎಷ್ಟು ಸಂಬಳ ಎಂಬುದು ಆ ಗಳಿಗೆಯಲ್ಲಿ ನೆನಪಿರುವುದಿಲ್ಲ.

ಇಂದೂ ನಮ್ಮ ಹಳ್ಳಿಗಳಲ್ಲಿ ರೈತರು, ಕೂಲಿಗಾರರು ಕೈಯಿಂದ ಹಣ ಹಾಕಿ ಪೌರಾಣಿಕ ನಾಟಕ ಕಟ್ಟುತ್ತಾರೆ. ಹಗಲೆಲ್ಲ ದುಡಿದವನು ರಾತ್ರಿ ದುರ್ಯೋಧನನಾಗಿ ಕಂದಪದ್ಯ ಎತ್ತಿದರೆ ಊರೇ ಮೌನವಾಗುತ್ತದೆ. ಅವನಿಗೆ ಆ ಪದ್ಯ ಕಲಿಸಿದ್ದು ಹಾರ್ಮೋನಿಯಂ ಮೇಷ್ಟ್ರು. ಆ ಮೇಷ್ಟ್ರಿಗೆ ನಾಟಕವಿಲ್ಲದ ತಿಂಗಳಲ್ಲಿ ಗಂಜಿ ಎಲ್ಲಿಂದ?

ವೀರಣ್ಣನವರು 1972ರಲ್ಲಿ ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿಟ್ಟಿದ್ದೇವೆ. ಹೆಸರಿಟ್ಟರೆ ಸಾಲದು. ನಾವು ಕೇಳುವುದು ಎರಡೇ: ಬಡವರ ನಾಟಕಕ್ಕೆ ರಂಗಮಂದಿರಗಳ ಬಾಡಿಗೆ ಎಟುಕುವಂತಿರಲಿ, ನಮ್ಮ ಸಂಘಗಳ ಉತ್ಸವದಲ್ಲಿ ಶಾಮಿಯಾನ, ದೀಪಗಳ ಲೆಕ್ಕಕ್ಕೆ ಮೊದಲು ಹಾಡಿದವರ ಕೂಲಿ ಕೈಗೆ ಸಲ್ಲಲಿ. ಬೆವರಿಗೆ ಬೆಲೆ ಕೇಳುವ ನಾವು ಕಂಠದ ಬೆವರನ್ನು ಪುಕ್ಕಟೆ ಪಡೆಯಬಾರದು.