ಚಿಕಿತ್ಸೆಯ ಎಣಿಕೆ, ಆರೋಗ್ಯದ ತೂಕ

ಕಲಬುರಗಿಯಿಂದ ಆಳಂದದ ದಾರಿ ಹಿಡಿದರೆ ಕಡಗಂಚಿಯ ಆಸುಪಾಸಿನಲ್ಲಿ ಕಣ್ಣಿಗೆ ಬೀಳುವುದು ತೊಗರಿಯ ಹೊಲ. ಆ ತೊಗರಿ ಅಡತಿ ಅಂಗಡಿಗೆ ಬಂದಾಗ ಯಾವ ವ್ಯಾಪಾರಿಯೂ ಬರಿಯ ಚೀಲ ಎಣಿಸಿ ಹಣ ಕೊಡುವುದಿಲ್ಲ. ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ, ತೂಗುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ವೈದ್ಯೋಪಚಾರದಲ್ಲಿ ಮಾತ್ರ ನಾವು ಬಹುಕಾಲದಿಂದ ಚೀಲ ಎಣಿಸಿಯೇ ಹಣ ತೆರುತ್ತಿದ್ದೇವೆ. ಎಷ್ಟು ಶಸ್ತ್ರಕ್ರಿಯೆ, ಎಷ್ಟು ಪರೀಕ್ಷೆ, ಎಷ್ಟು ದಿನದ ಹಾಸಿಗೆ ಎಂಬುದಕ್ಕೆ ಲೆಕ್ಕ ಉಂಟು. ರೋಗಿ ಮರಳಿ ತನ್ನ ಕೆಲಸಕ್ಕೆ ಹೋಗುವಂತಾದನೇ ಎಂಬುದಕ್ಕೆ ಲೆಕ್ಕವಿಲ್ಲ.

ಅಮೆರಿಕದ ಮೈಕೇಲ್ ಪೋರ್ಟರ್ ಮತ್ತು ಎಲಿಜಬೆತ್ ಟೈಸ್‌ಬರ್ಗ್ ಎಂಬ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮಾತನ್ನು ಎತ್ತಿ ಆಡಿದರು. ಖರ್ಚು ಮಾಡಿದ ಹಣಕ್ಕೆ ರೋಗಿಗೆ ದಕ್ಕಿದ ಆರೋಗ್ಯವೆಷ್ಟು, ಅದೇ ಚಿಕಿತ್ಸೆಯ ಮೌಲ್ಯ ಎಂಬುದು ಅವರ ವಾದದ ತಿರುಳು. ಇದು ದೂರದೇಶದ ವಿಚಾರವೆಂದು ತಳ್ಳಿಹಾಕುವಂತಿಲ್ಲ. ಇದರ ಒಳಿತು ಕೆಡಕು ಎರಡಕ್ಕೂ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯಿದೆ.

ಮೊದಲು ಒಳಿತನ್ನು ನೋಡೋಣ. 2010ರ ಫೆಬ್ರುವರಿಯಲ್ಲಿ ರಾಜ್ಯಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಉತ್ತರ ಕರ್ನಾಟಕದಿಂದ ಆರಂಭಿಸಿತು. ಹೃದ್ರೋಗ, ಕ್ಯಾನ್ಸರು, ಮೂತ್ರಪಿಂಡದ ಬೇನೆ, ಸುಟ್ಟಗಾಯ ಮೊದಲಾದ ದೊಡ್ಡ ಕಾಯಿಲೆಗಳಿಗೆ ಬಡತನರೇಖೆಯ ಕೆಳಗಿನ ಕುಟುಂಬಗಳು ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯುವಂತಾಯಿತು. ಹಳ್ಳಿಗಳ ಬಳಿಯೇ ತಪಾಸಣಾ ಶಿಬಿರಗಳು ನಡೆದವು. ಯೋಜನೆ ಇದ್ದ 300 ಹಳ್ಳಿಗಳನ್ನೂ, ಇನ್ನೂ ತಲುಪದಿದ್ದ ನೆರೆಯ 272 ಹಳ್ಳಿಗಳನ್ನೂ ನೀರಜ್ ಸೂದ್, ಅರ್ಣಬ್ ಮುಖರ್ಜಿ ಮೊದಲಾದ ಸಂಶೋಧಕರು ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡಕುಟುಂಬಗಳಲ್ಲಿ ಆಗುತ್ತಿದ್ದ ಸಾವು ಶೇಕಡಾ 64ರಷ್ಟು ಕಡಿಮೆಯಾಗಿತ್ತು. ಆಸ್ಪತ್ರೆಗೆಂದು ಮನೆಯವರು ಕೈಯಿಂದ ತೆರುವ ಹಣ ಶೇಕಡಾ 34ರಷ್ಟು ಇಳಿದಿತ್ತು. ಯೋಜನೆಗೆ ಸೇರದ ಉಳ್ಳವರ ಮನೆಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಹಣಕ್ಕೆ ತಕ್ಕ ಆರೋಗ್ಯ ದಕ್ಕಿತೆಂದು ಹೇಳಲು ಇದಕ್ಕಿಂತ ನಿಚ್ಚಳ ಉದಾಹರಣೆ ಬೇಕಿಲ್ಲ.

ಇನ್ನು ಕೆಡಕು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರೂ ದಲಿತ ಮಹಿಳೆಯರೂ ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ದವಾಖಾನೆಗಳಿಗೆ ಹೋಗಿ ಗರ್ಭಕೋಶವನ್ನೇ ಕಳೆದುಕೊಂಡು ಬಂದ ಸಂಗತಿ 2015ರಲ್ಲಿ ತನಿಖೆಗೆ ಬಂತು. ಆಳಂದ ತಾಲ್ಲೂಕಿನ ತಾಂಡಾಗಳ ಹೆಸರು ಅದರಲ್ಲಿ ಎದ್ದು ಕಂಡಿತು. ಅನೇಕರು ಇನ್ನೂ ಎಳೆಯ ವಯಸ್ಸಿನವರು. ಬಿಳಿಸೆರಗು ಬಹುಮಟ್ಟಿಗೆ ಔಷಧದಿಂದ ವಾಸಿಯಾಗುವ ತೊಂದರೆ. ಎಳೆಯ ವಯಸ್ಸಿನಲ್ಲಿ ಗರ್ಭಕೋಶದೊಡನೆ ಅಂಡಾಶಯವನ್ನೂ ತೆಗೆದರೆ ಮುಟ್ಟು ಒಮ್ಮೆಗೇ ನಿಲ್ಲುತ್ತದೆ, ಎಲುಬು ಸವೆಯುತ್ತದೆ. ಕೂಲಿ ಮಾಡಿ ಉಣ್ಣುವ ಹೆಣ್ಣಿಗೆ ಮೈಯಲ್ಲಿ ಕಸುವು ಹೋದರೆ ಉಳಿಯುವುದೇನು? ಎಣಿಕೆಯ ಕಣ್ಣಿಗೆ ಅದು ಯಶಸ್ವಿಯಾದ ಒಂದು ಶಸ್ತ್ರಕ್ರಿಯೆ. ತೂಕಕ್ಕೆ ಹಾಕಿದರೆ ಒಂದು ಬಾಳಿನ ನಷ್ಟ. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದುವು. 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು, ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆಲ್ಲ ಆಜ್ಞೆಮಾಡಿತು.

ಹಾಗಾದರೆ ತೂಗುವ ತಕ್ಕಡಿ ಯಾವುದು? 2018ರಿಂದ ನಮ್ಮಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ನಡೆದಿದೆ. ಇದರಲ್ಲಿಯೂ ದವಾಖಾನೆಗೆ ಹಣ ಸಲ್ಲುವುದು ಚಿಕಿತ್ಸೆಗೆ ಇಷ್ಟೆಂಬ ನಿಗದಿಯ ದರದಂತೆ. ಕೇಂದ್ರದ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು 2023ರಲ್ಲಿ ದವಾಖಾನೆಗಳನ್ನು ಅಳೆಯಲು ಐದು ಒರೆಗಲ್ಲುಗಳನ್ನು ಸಾರಿತು. ರೋಗಿಗೆ ತೃಪ್ತಿಯಾಯಿತೇ, ಮತ್ತೆ ದಾಖಲಾಗಬೇಕಾಯಿತೇ, ಕೈಯಿಂದ ಹಣ ಹೋಯಿತೇ, ದೂರು ಸಾಬೀತಾಯಿತೇ, ಬದುಕಿನ ಗುಣ ಸುಧಾರಿಸಿತೇ, ಇವೇ ಆ ಐದು.

ಹೇಳುವುದು ಸುಲಭ, ನಡೆಸುವುದು ಕಷ್ಟ. ಜೇವರ್ಗಿಯದೋ ಅಫಜಲಪುರದ ಭೀಮಾತೀರದ್ದೋ ಒಂದು ಹಳ್ಳಿಗೆ ಮರಳಿದ ರೋಗಿಯನ್ನು ಆರು ತಿಂಗಳ ಮೇಲೆ ವಿಚಾರಿಸುವವರು ಯಾರು? ಫಲಿತಾಂಶವನ್ನೇ ನೋಡಿ ಹಣ ಕೊಡುವುದಾದರೆ, ಗುಣವಾಗುವುದು ಕಷ್ಟವೆನಿಸಿದ ಬಡರೋಗಿಯನ್ನು ಬಾಗಿಲಿನಿಂದಲೇ ಕಳಿಸುವ ದವಾಖಾನೆಗಳು ಹುಟ್ಟಲಾರವೇ? ರೋಗ ಎಷ್ಟು ಬಲಿತಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ತಕ್ಕಡಿಯೇ ತಪ್ಪು ತೋರಿಸೀತು. ಸಕ್ಕರೆ ಕಾಯಿಲೆ, ರಕ್ತದ ಒತ್ತಡಗಳಿಗೆ ವರ್ಷಗಟ್ಟಲೆ ಆರೈಕೆ ಬೇಕು. ಶಸ್ತ್ರಕ್ರಿಯೆಗೆ ಕಟ್ಟಿದ ದರ ಅಲ್ಲಿ ನಡೆಯದು. ಅದಕ್ಕೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ತಪ್ಪದೆ ಸಿಗುವ ಗುಳಿಗೆ, ಇವೇ ಆಧಾರ.

ಇದರಲ್ಲಿ ಮನೆಯವರ ಪಾಲೂ ಇದೆ. ಶಸ್ತ್ರಕ್ರಿಯೆ ಎಂದೊಡನೆ ಹೂಂ ಎನ್ನಬೇಡಿ. ಇದು ಏಕೆ ಬೇಕು, ಔಷಧದಿಂದ ಆಗದೇ, ಮಾಡದಿದ್ದರೆ ಏನಾದೀತು ಎಂದು ಕೇಳಿರಿ. ತುರ್ತಿಲ್ಲದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ; ಕಾಗದಪತ್ರಗಳನ್ನು ಜೋಪಾನವಾಗಿಡಿ. ಬಲ್ಲ ವೈದ್ಯರು ಇಂಥ ಪ್ರಶ್ನೆಗೆ ಸಿಟ್ಟಾಗರು. ಓದು ಬಲ್ಲ ಪಟ್ಟಣದ ಮನೆಗಳು ತಮಗಾಗಿ ಮಾತ್ರವಲ್ಲ, ಮನೆಗೆಲಸಕ್ಕೆ ಬರುವವಳಿಗಾಗಿ, ತಾಂಡಾದಿಂದ ಕೂಲಿಗೆ ಬರುವವಳಿಗಾಗಿಯೂ ಈ ಪ್ರಶ್ನೆ ಕೇಳಿದರೆ, ಸರ್ಕಾರದ ತಕ್ಕಡಿ ತಲುಪದ ಕಡೆಯಲ್ಲಿಯೂ ಒಂದಿಷ್ಟು ತೂಕ ಸರಿಯಾದೀತು.