ಚುಕ್ಕೆ, ಡಾಲರ್ ಮತ್ತು ಕೊಂಬಿನಿಳಿ

ಮಲ್ಪೆಯಿಂದ ಉತ್ತರಕ್ಕೆ, ಕಡಲಿಗೂ ಸ್ವರ್ಣಾ ನದಿಗೂ ನಡುವೆ, ಹೂಡೆ ಎಂಬ ಊರಿದೆ. ಈ ಹೆಸರಿನಲ್ಲಿ ಅಕ್ಷರಗಳೆಷ್ಟು? ಎರಡು ಎಂದು ಕಾಗುಣಿತ ಕಲಿತ ಮಗುವೂ ಹೇಳೀತು. ಗಣಕಯಂತ್ರ ನಾಲ್ಕು ಎನ್ನುತ್ತದೆ. ಈ ಲೆಕ್ಕಭೇದದಿಂದ ಊರಿನ ಹೆಸರೇ ಪಟ್ಟಿಯಿಂದ ಜಾರಿಹೋಗುವುದುಂಟು.

ಕರಾವಳಿಯ ಊರುಗಳನ್ನು ಕುರಿತು ಊರಿಗೊಂದರಂತೆ ಕಡತ ಬರೆದಿಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಅವನ್ನೆಲ್ಲ ಕೂಡಿಸಿ ಪುಸ್ತಕ ಕಟ್ಟುವ ಕೆಲಸವನ್ನು ಮೇಕ್ ಎಂಬ ಉಪಕರಣಕ್ಕೆ ಒಪ್ಪಿಸಬಹುದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದ ಈ ಉಪಕರಣ, ಬದಲಾದ ಕಡತವಾವುದೆಂದು ನೋಡಿ ಅದಕ್ಕೆ ಸಂಬಂಧಿಸಿದಷ್ಟನ್ನೇ ಮತ್ತೆ ಕಟ್ಟುತ್ತದೆ. ಯಾವ ಹೆಸರುಗಳು ಬೇಕೆಂದು ತಿಳಿಸಲು ಒಂದು ಮಾದರಿ ಕೊಡುತ್ತೇವೆ. ಅದಕ್ಕೆ ಹೊಂದಿದವು ಒಳಗೆ, ಉಳಿದವು ಹೊರಗೆ.

ಆದರೆ ಆ ಮಾದರಿ ಮೂವರ ಕೈ ದಾಟಬೇಕು. ಮೊದಲು ಮೇಕ್, ಅನಂತರ ಷೆಲ್, ಕೊನೆಗೆ ಗ್ರೆಪ್‌ನಂಥ ಹುಡುಕುವ ಉಪಕರಣ. 'ಏನಿದ್ದರೂ ಸರಿ' ಎನ್ನಲು ಮೇಕ್‌ಗೆ ಶೇಕಡಾ ಗುರುತು, ಷೆಲ್‌ಗೆ ನಕ್ಷತ್ರ, ಗ್ರೆಪ್‌ಗೆ ಚುಕ್ಕೆಯೂ ನಕ್ಷತ್ರವೂ ಜತೆಯಾಗಿ. ಗ್ರೆಪ್‌ನಲ್ಲಿ ಒಂಟಿ ಚುಕ್ಕೆಯೆಂದರೆ ಯಾವುದಾದರೂ ಒಂದು ಅಕ್ಷರ. ಚುಕ್ಕೆಯೇ ಬೇಕಿದ್ದರೆ ಅದರ ಮೊದಲು ಹಿಂದಕ್ಕೆ ವಾಲಿದ ಗೆರೆ ಹಾಕಬೇಕು.

ಡಾಲರ್ ಗುರುತಿನ ಚೇಷ್ಟೆ ಇನ್ನೂ ದೊಡ್ಡದು. ಗ್ರೆಪ್‌ಗೆ ಅದರ ಅರ್ಥ 'ಸಾಲು ಮುಗಿಯಿತು' ಎಂದು. 'ಡೆ' ಎಂದು ಕೊನೆಗೊಳ್ಳುವ ಊರುಗಳನ್ನು ಹುಡುಕಲು ಡೆ ಬರೆದು, ಡಾಲರ್ ಹಾಕಿ, ಉದ್ಧರಣ ಚಿಹ್ನೆ ಮುಚ್ಚುತ್ತೀರಿ. ಮೇಕ್‌ಗೋ ಡಾಲರ್ ತನ್ನ ಸ್ವಂತದ ಗುರುತು. ಅದು ಡಾಲರನ್ನೂ ಬೆನ್ನಿಗಿದ್ದ ಉದ್ಧರಣ ಚಿಹ್ನೆಯನ್ನೂ ನುಂಗಿ ಸುಮ್ಮನಿರುತ್ತದೆ. ಉದ್ಧರಣ ಮುಚ್ಚಿಲ್ಲವೆಂದು ದೂರುವುದು ಷೆಲ್. ನುಂಗಿದವರೊಬ್ಬರು, ಕೂಗುವವರೊಬ್ಬರು! ಡಾಲರನ್ನು ಎರಡು ಸಲ ಬರೆದರೆ ಒಂದು ಉಳಿಯುತ್ತದೆ. ಸಂದೇಹ ಬಂದಾಗ ಮೇಕ್‌ಗೆ 'ಎನ್' ಎಂಬ ಸೂಚನೆ ಕೊಡಿ. ಕೆಲಸಕ್ಕೆ ಕೈಹಾಕದೆ, ಷೆಲ್‌ಗೆ ಒಪ್ಪಿಸಲಿದ್ದ ಆಜ್ಞೆಯನ್ನು ಹಾಗೆಯೇ ತೋರಿಸುತ್ತದೆ. ಏನು ನಾಪತ್ತೆಯಾಗಿದೆಯೆಂದು ಕಣ್ಣಿಗೇ ಕಾಣುತ್ತದೆ.

ಇಷ್ಟು ಎಲ್ಲ ದೇಶದವರ ಪಾಡು. ಕನ್ನಡಿಗರದು ಇದರ ಮೇಲೆ ಇನ್ನಷ್ಟು. ಯೂನಿಕೋಡ್ ಪದ್ಧತಿಯಲ್ಲಿ 'ಹ' ಒಂದು ಸಂಕೇತ, ಅದರ ಕೊಂಬಿನಿಳಿ ಇನ್ನೊಂದು. 'ಡ' ಮೂರನೆಯದು, ಎತ್ವ ನಾಲ್ಕನೆಯದು. ಎರಡೇ ಚುಕ್ಕೆಯ ಮಾದರಿಗೆ ಹೂಡೆ ಹಿಡಿಸದು. ಪೈಥಾನ್ ಭಾಷೆಯೊಡನೆ ಬರುವ ಹುಡುಕು ಸಾಧನದಲ್ಲಿ 'ಪದದ ಅಕ್ಷರ' ಎಂಬ ಗುರುತೊಂದಿದೆ. ಅದು ವ್ಯಂಜನಗಳನ್ನು ಒಪ್ಪುತ್ತದೆ, ಕೊಂಬು ಎತ್ವಗಳನ್ನು ಒಪ್ಪುವುದಿಲ್ಲ. ಹೂಡೆ ಅಲ್ಲಿ ಹ, ಡ ಎಂದು ತುಂಡಾಗುತ್ತದೆ. ಇಡೀ ಹೆಸರು ಹೊಂದಬೇಕೆಂದು ವಿಧಿಸಿದ್ದರೆ ಹೂಡೆ ಹೊರಗುಳಿಯುತ್ತದೆ. ದೋಷಸೂಚನೆಯೂ ಬರುವುದಿಲ್ಲ. ಪುಸ್ತಕ ಸಿದ್ಧವಾಗುತ್ತದೆ, ಊರು ಮಾತ್ರ ಅದರಲ್ಲಿರುವುದಿಲ್ಲ. ನನ್ನ ಮಟ್ಟಿಗೆ, ಕೂಗಿ ದೂರುವ ಷೆಲ್ಲೇ ಇದಕ್ಕಿಂತ ವಾಸಿ. ಆ ಗುರುತಿನ ಬದಲು, ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳ ವ್ಯಾಪ್ತಿಯನ್ನೇ ಮಾದರಿಯಲ್ಲಿ ಬರೆದರೆ ಹೂಡೆ ಒಳಗೆ ಬರುತ್ತದೆ.

ನೆರೆಯ ಕೋಡಿಬೆಂಗ್ರೆಯ ಕಷ್ಟ ಬೇರೆ. 'ಕೋ' ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ; ಯಂತ್ರಕ್ಕೆ ಬೇರೆ ಬೇರೆ. ಮ್ಯಾಕ್ ಯಂತ್ರಗಳ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಹೋಲಿಸುವ ಮೊದಲು ಮಾದರಿಯನ್ನೂ ಹೆಸರನ್ನೂ ಎನ್.ಎಫ್.ಸಿ. ಎಂಬ ಒಂದೇ ರೂಪಕ್ಕೆ ತಂದರೆ ಕೋಡಿಬೆಂಗ್ರೆ ಸಿಗುತ್ತದೆ.